ನಾನು ಉಲ್ಲೇಖ ಎಣಿಸಿದ ವರ್ಷ

ಗ್ರಂಥಪಾಲನ ಕೆಲಸ ಶುದ್ಧವಾದದ್ದು ಎಂದು ಬಹಳ ಜನ ತಿಳಿದಿದ್ದಾರೆ. ಅಂಥವರ ಕೈಗೆ ಒಂದು ದಿನ ಹಳೆಯ ಜರ್ನಲ್‌ಗಳ ಕಟ್ಟು ಕೊಟ್ಟು ಧೂಳು ಹೊಡೆಯಲು ಹಚ್ಚಬೇಕು. ಬೆರಳು ಕಪ್ಪಾಗುತ್ತವೆ, ಮೂಗು ಕಟ್ಟುತ್ತದೆ, ಹಲ್ಲಿಯ ಹಿಕ್ಕೆ, ಸತ್ತ ಜಿರಲೆ ಎಲ್ಲ ಮಡಿಲಿಗೇ ಬೀಳುತ್ತವೆ. ಆ ಹೊಲಸು ಸಾಬೂನು ಹಚ್ಚಿದರೆ ಹೋಗುತ್ತದೆ. ನಾನು ಇಲ್ಲಿ ಹೇಳಹೊರಟಿರುವ ಹೊಲಸು ಬೇರೆ. ಅದನ್ನು ನಾನೇ ಮಾಡಿದ್ದು, ಬಿಳಿ ಹಾಳೆಯ ಮೇಲೆ, ಸ್ಕೇಲು ಹಿಡಿದು ಗೆರೆ ಎಳೆದು, ಅಂದವಾದ ಅಕ್ಷರದಲ್ಲಿ.

ಎರಡು ಸಾವಿರದ ಮೊದಲ ದಶಕ ಮುಗಿದು ಎರಡನೆಯದು ಶುರುವಾಗಿದ್ದ ಕಾಲ. ಚಿಕ್ಕೋಡಿಯ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲನಾಗಿದ್ದೆ. ಅಲ್ಲಿ ಗ್ರಂಥಾಲಯ ವಿಜ್ಞಾನದ ಸ್ನಾತಕೋತ್ತರ ತರಗತಿಯೂ ಇತ್ತು. ನಿಪ್ಪಾಣಿ, ರಾಯಬಾಗ, ಕಾಗವಾಡದ ಕಡೆಯಿಂದ ಹುಡುಗ ಹುಡುಗಿಯರು ಬಸ್ಸು ಹಿಡಿದು ಬರುತ್ತಿದ್ದರು. ಪುಸ್ತಕ ಕಾಯುವುದರ ಜೊತೆಗೆ ಎರಡು ವಿಷಯ ಪಾಠ ಹೇಳುವುದು, ಕೊನೆಯ ಸೆಮಿಸ್ಟರಿನಲ್ಲಿ ಅವರ ಡಿಸರ್ಟೇಶನ್‌ಗಳಿಗೆ, ಅಂದರೆ ಕಿರು ಪ್ರಬಂಧಗಳಿಗೆ, ಗೈಡ್ ಆಗುವುದು ನನ್ನ ಪಾಲಿನ ಕೆಲಸ. ನಮ್ಮೂರು ಉಗಾರ ಬುದ್ರುಕ. ಮನೆಯಲ್ಲಿ ಕಬ್ಬಿನ ಹೊಲ ಇದ್ದರೂ ನನಗೆ ಮಣ್ಣು ಮುಟ್ಟುವುದೆಂದರೆ ಆಗುತ್ತಿರಲಿಲ್ಲ. ಕಾಗದವೇ ವಾಸಿ ಎಂದು ಬಂದವನು ನಾನು.

ಒಂದು ವರ್ಷ ಆಡಳಿತ ಮಂಡಳಿಯಿಂದ ಚೀಟಿ ಬಂತು. ಗ್ರಂಥಾಲಯ ವಿಜ್ಞಾನಕ್ಕೆ ತರಿಸುವ ಜರ್ನಲ್‌ಗಳಲ್ಲಿ ಅರ್ಧ ನಿಲ್ಲಿಸಬೇಕು, ಯಾವ ಅರ್ಧ ಎಂಬುದನ್ನು ಗ್ರಂಥಪಾಲರೇ ಸೂಚಿಸಬೇಕು. ಇಂಥ ಪ್ರಸಂಗದಲ್ಲಿ ಅಲ್ಲಿಯವರೆಗೆ ನಡೆಯುತ್ತಿದ್ದ ರೀತಿ ಎಲ್ಲರಿಗೂ ಗೊತ್ತು. ಯಾರ ದನಿ ದೊಡ್ಡದೋ ಅವರ ಜರ್ನಲ್ ಉಳಿಯುತ್ತಿತ್ತು. ನನಗೆ ಅದೆಂದರೆ ಅಸಹ್ಯ. ಈ ಸಲ ಶಾಸ್ತ್ರೀಯವಾಗಿ ಮಾಡಿ ತೋರಿಸುತ್ತೇನೆ ಎಂದು ಟೊಂಕ ಕಟ್ಟಿದೆ.

ಆ ಶಾಸ್ತ್ರ ತಿಳಿಯುವುದು ಕಷ್ಟವಲ್ಲ. ಡಿಸರ್ಟೇಶನ್ ಬರೆದವರು ಕೊನೆಯಲ್ಲಿ ಒಂದು ಪಟ್ಟಿ ಕೊಡುತ್ತಾರೆ. ನಾನು ಇಂಥಿಂಥ ಜರ್ನಲ್‌ನ ಇಂಥಿಂಥ ಲೇಖನ ಓದಿ ಇದನ್ನು ಬರೆದೆ ಎಂದು ಅದರ ಅರ್ಥ. ಅದಕ್ಕೆ ಉಲ್ಲೇಖ ಎನ್ನುತ್ತಾರೆ. ಹತ್ತು ವರ್ಷದ ಡಿಸರ್ಟೇಶನ್ ತೆಗೆದು ಯಾವ ಜರ್ನಲ್ ಎಷ್ಟು ಸಲ ಬಂದಿದೆ ಎಂದು ಎಣಿಸಿದರೆ, ನಮ್ಮ ಓದುಗರಿಗೆ ಬೇಕಾದದ್ದು ಯಾವುದು, ಬೇಡವಾದದ್ದು ಯಾವುದು ಎಂದು ತಾನಾಗಿ ಗೊತ್ತಾಗುತ್ತದೆ. ದೊಡ್ಡ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಹೀಗೆ ಮಾಡುತ್ತಾರೆ ಎಂದು ಓದಿದ್ದೆ. ಚಿಕ್ಕೋಡಿಯಲ್ಲಿ ಯಾಕೆ ಆಗಬಾರದು?

ಕಪ್ಪು ರಟ್ಟಿಗೆ ಬಂಗಾರದ ಅಕ್ಷರ ಒತ್ತಿದ ಡಿಸರ್ಟೇಶನ್‌ಗಳನ್ನು ಕಪಾಟಿನಿಂದ ಇಳಿಸಿ ಟೇಬಲ್ಲಿನ ಮೇಲೆ ಗೋಡೆ ಕಟ್ಟಿದೆ. ಒಂದೊಂದು ಉಲ್ಲೇಖಕ್ಕೆ ಒಂದೊಂದು ಗೆರೆ, ನಾಲ್ಕು ಗೆರೆಗೆ ಅಡ್ಡ ಒಂದು. ವಾರಗಟ್ಟಲೆ ಅದೇ ಕೆಲಸ. ಇಂಗ್ಲೆಂಡು ಅಮೆರಿಕದ ದಪ್ಪ ಜರ್ನಲ್‌ಗಳ ಮುಂದೆ ಗೆರೆಗಳು ಮೆರವಣಿಗೆ ಹೊರಟವು. ನಮ್ಮ ಹುಡುಗರು ಇಷ್ಟು ಓದುತ್ತಾರಲ್ಲ ಎಂದು ಹೆಮ್ಮೆಯೂ ಆಯಿತು. ಅವರಲ್ಲಿ ಬಹಳ ಮಂದಿಗೆ ಇಂಗ್ಲಿಷಿನಲ್ಲಿ ರಜಾ ಅರ್ಜಿ ಬರೆಯಲು ಬರುತ್ತಿರಲಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ಆಯಿತು. ಹೆಮ್ಮೆಗೆ ಕಣ್ಣಿಲ್ಲ.

ನಾನು ಗೆರೆ ಹಾಕುತ್ತಿದ್ದ ಟೇಬಲ್ಲಿನ ಎದುರಿಗೇ ಶನಿವಾರ ಶನಿವಾರ ಒಬ್ಬಾಕೆ ಬಂದು ಕೂಡುತ್ತಿದ್ದಳು. ಕಬ್ಬೂರಿನಾಕೆ, ನಮ್ಮ ವಿದ್ಯಾರ್ಥಿನಿಯೇ, ವಯಸ್ಸು ಮೂವತ್ತು ದಾಟಿತ್ತು. ತವರಿನವರೂ ಗಂಡನ ಮನೆಯವರೂ ಕಬ್ಬು ಕಡಿಯುವವರು. ಈಕೆ ಹೇಗೋ ಡಿಗ್ರಿ ಮುಗಿಸಿ ಊರ ಪಂಚಾಯತಿಯ ಗ್ರಂಥಾಲಯ ನೋಡಿಕೊಳ್ಳುತ್ತಿದ್ದಳು. ರಾಯಬಾಗದ ಕಡೆ ಒಂದು ವಸತಿ ಶಾಲೆಯಲ್ಲಿ ಗ್ರಂಥಪಾಲಕಿಯ ಜಾಗ ತೆರವಾಗುವುದಿತ್ತು. ಈ ಡಿಗ್ರಿ ಅಷ್ಟರೊಳಗೆ ಕೈಗೆ ಬಂದರೆ ಅರ್ಜಿ ಹಾಕಬಹುದು, ಇಲ್ಲದಿದ್ದರೆ ಇಲ್ಲ. ಆಕೆಯ ಡಿಸರ್ಟೇಶನ್‌ಗೆ ನಾನೇ ಗೈಡ್. ವಿಷಯವನ್ನು ಆಕೆಯೇ ಆರಿಸಿಕೊಂಡಿದ್ದಳು. ಹಳ್ಳಿಯ ಗ್ರಂಥಾಲಯಕ್ಕೆ ಬರುವವರು ಯಾರು, ಬಾರದವರು ಯಾರು, ಬಾರದವರು ಯಾಕೆ ಬರುವುದಿಲ್ಲ ಎಂಬುದು.

ಆಕೆ ಓದುತ್ತಿದ್ದದ್ದು ಒಂದೇ ಪತ್ರಿಕೆ. ಹಳ್ಳಿ ಗ್ರಂಥಾಲಯಗಳ ಬಗ್ಗೆ ಗಡಿಯಾಚೆಯ ಒಂದು ಊರಿನಿಂದ ಬರುತ್ತಿದ್ದ ತೆಳ್ಳನೆಯ ತ್ರೈಮಾಸಿಕ. ಅರ್ಧ ಮರಾಠಿ, ಅರ್ಧ ಇಂಗ್ಲಿಷು, ನ್ಯೂಸ್‌ಪ್ರಿಂಟಿನಂಥ ಕಾಗದ. ಅದರ ಹಳೆಯ ಸಂಚಿಕೆಗಳನ್ನು ಒಂದೊಂದಾಗಿ ತೆಗೆದು, ತುಟಿ ಅಲುಗಿಸುತ್ತ ಓದಿ, ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಳು. ಒಂದು ದಿನ ನೋಡುತ್ತೇನೆ, ಒಂದು ಸಂಚಿಕೆಯ ಮೂಲೆಗಳೆಲ್ಲ ಮಡಿಚಿ ಮೆತ್ತಗಾಗಿವೆ, ರಟ್ಟಿನ ಮೇಲೆ ಹಳದಿ ಬೆರಳಿನ ಗುರುತು. ನಾನು ಕೆಂಡವಾದೆ.

"ಇದೇನ ತಂಗಿ, ಪತ್ರಿಕಿ ಓದ್ತೀಯೋ ರೊಟ್ಟಿ ಸುತ್ತಿ ಒಯ್ತೀಯೋ?" ಎಂದೆ.

"ತಪ್ಪಾತ್ರಿ ಸರ. ಮುಂಜಾನೆ ಪಲ್ಯ ಮಾಡಿ ಗಡಬಡಿಸಿ ಬಂದಿದ್ನಿರಿ" ಎಂದು ಸೀರೆಯ ಸೆರಗಿನಿಂದಲೇ ರಟ್ಟು ಒರೆಸಿದಳು.

ನನ್ನ ಎಣಿಕೆಯಲ್ಲಿ ಆ ತ್ರೈಮಾಸಿಕಕ್ಕೆ ಬಂದದ್ದು ಸೊನ್ನೆ. ಜರ್ನಲ್‌ಗಳ ಚಂದಾ ತೀರ್ಮಾನಿಸುವ ಸಮಿತಿಯ ಸಭೆಯಲ್ಲಿ ನಮ್ಮ ವಿಭಾಗದ ಮುಖ್ಯಸ್ಥರು ನನ್ನ ಕೋಷ್ಟಕದ ಮೇಲೆ ಪೆನ್ನು ಆಡಿಸುತ್ತ ಬಂದು ಅಲ್ಲಿ ನಿಂತರು.

"ಇದೊಂದು ಓದಾಕ ಬರ್ತಾರಲ್ರಿ ಯಾರೋ" ಎಂದರು. ಅಷ್ಟು ಹೇಳಿದ್ದು ಅವರ ದೊಡ್ಡತನ. ಹೇಳಬೇಕಾದವನು ನಾನಾಗಿದ್ದೆ.

"ಒಬ್ಬಾಕಿ ಬರ್ತಾಳ್ರಿ ಸರ. ಆದ್ರ ಒಬ್ಬರ ಸಲುವಾಗಿ ಪದ್ಧತಿ ಮುರಿಯಾಕ ಬರೂದಿಲ್ರಿ" ಎಂದೆ.

ಅವರು ಅದರ ಮೇಲೆ ಅಡ್ಡ ಗೆರೆ ಎಳೆದರು. ಅರ್ಧ ಮರಾಠಿಯ ಪತ್ರಿಕೆ, ಅದಕ್ಕಾಗಿ ಬಾಯಿ ತೆರೆಯುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ನನ್ನ ಎಣಿಕೆಯ ವಿಧಾನವನ್ನು ಎಲ್ಲರೂ ಹೊಗಳಿದರು. ಕಾಲೇಜಿಗೆ ಗ್ರೇಡು ಕೊಡಲು ಬರುವ ತಂಡಕ್ಕೆ ಕಳಿಸುವ ವರದಿಯಲ್ಲಿ ಇದನ್ನು ಉತ್ತಮ ಪದ್ಧತಿ ಎಂದು ಸೇರಿಸಿದರು.

ನಿಲ್ಲಿಸಿದ ಮೇಲೆ ಹಳೆಯ ಸಂಚಿಕೆ ಇಟ್ಟುಕೊಂಡು ಏನು ಮಾಡುವುದು? ಜಾಗ ಬೇಕಿತ್ತು, ಅಂದವಾಗಿ ಕಾಣಬೇಕಿತ್ತು. ನಿಪ್ಪಾಣಿಯ ರದ್ದಿಯವನನ್ನು ಕರೆಸಿದೆ. ತ್ರೈಮಾಸಿಕದ ಹತ್ತು ಹನ್ನೆರಡು ವರ್ಷದ ಕಟ್ಟುಗಳನ್ನು ನಾನೇ ಎತ್ತಿ ಅವನ ಟೆಂಪೋಕ್ಕೆ ಹಾಕಿದೆ. ಅವನು ಒಂದು ಹಾಳೆ ಹರಿದು, ಬೆರಳಲ್ಲಿ ತಿಕ್ಕಿ ನೋಡಿ, "ಕಿರಾಣಿ ಅಂಗಡ್ಯಾಗ ಪುಡಿ ಕಟ್ಟಾಕ ಏಕದಂ ಚಲೋ ಕಾಗದ ಐತ್ರಿ" ಎಂದ. ನಾನು ನಕ್ಕೆ. ಆ ನಗು ನೆನಪಾದರೆ ಇವತ್ತಿಗೂ ನನ್ನ ಮುಖಕ್ಕೆ ನಾನೇ ಉಗುಳಬೇಕು ಅನಿಸುತ್ತದೆ.

ಮುಂದಿನ ಶನಿವಾರ ಆಕೆ ಬಂದಳು. ರ್‍ಯಾಕಿನ ಮುಂದೆ ಸ್ವಲ್ಪ ಹೊತ್ತು ನಿಂತು ನನ್ನ ಹತ್ತಿರ ಬಂದಳು.

"ಸರ, ಅಲ್ಲಿ ಇದ್ದೂವಲ್ರಿ ಪತ್ರಿಕಿ, ಬೈಂಡಿಂಗಿಗಿ ಹೋಗ್ಯಾವೇನ್ರಿ?"

"ಇಲ್ಲ ತಂಗಿ, ಅದನ್ನ ಬಂದ್ ಮಾಡೀವಿ. ಹಳೇವು ತೆಗದ್ವಿ."

"ಎಲ್ಲಾನೂ ರೀ?"

"ಎಲ್ಲಾನೂ."

ಆಕೆ ಜಗಳ ಮಾಡಲಿಲ್ಲ. ನೋಟುಬುಕ್ಕು ತೆಗೆದು ನೋಡಿ, "ಹಂಗಾರ ಬರಕೊಂಡಿದ್ದ ಅಷ್ಟ ಉಳೀತ್ರಿ" ಎಂದು ತನಗೆ ತಾನೇ ಅಂದುಕೊಂಡು ಮೂಲೆಯಲ್ಲಿ ಕೂತಳು. ಒಮ್ಮೆ ದಿನದ ಕೆಲಸ ಬಿಟ್ಟು ಕೊಗನೊಳ್ಳಿಯ ಗಡಿ ದಾಟಿ ಆ ಪತ್ರಿಕೆ ಬರುವ ಊರಿನ ಗ್ರಂಥಾಲಯಕ್ಕೂ ಹೋಗಿ ಬಂದಳಂತೆ. ಸದಸ್ಯರಿಗಷ್ಟೇ ಎಂದು ಒಳಗೆ ಬಿಡಲಿಲ್ಲವಂತೆ.

ಇಷ್ಟರ ತನಕ ನಾನು ಮಾಡಿದ್ದು ಮೂರ್ಖತನ. ಮೂರ್ಖತನಕ್ಕೆ ಕ್ಷಮೆಯಿದೆ. ಹೇಸಿಗೆ ಶುರುವಾದದ್ದು ಮುಂದೆ, ನನ್ನ ಎಣಿಕೆಯ ಬಗ್ಗೆ ಒಂದು ಲೇಖನ ಬರೆದು ಅದನ್ನು ಟೈಪು ಮಾಡಿಸಲು ಬಸ್ ಸ್ಟ್ಯಾಂಡಿನ ಹತ್ತಿರದ ಡಿಟಿಪಿ ಅಂಗಡಿಗೆ ಹೋದ ದಿನ. ಅಥಣಿಯಲ್ಲಿ ಒಂದು ವಿಚಾರ ಸಂಕಿರಣ ಇತ್ತು, ಅಲ್ಲಿ ಓದುವುದಿತ್ತು. ಜರ್ನಲ್ ಆಯ್ಕೆಗೆ ಉಲ್ಲೇಖಗಳ ದಾರಿ ಎಂದೋ ಏನೋ ತಲೆಬರಹ. ನಮ್ಮ ವಿದ್ಯಾರ್ಥಿಗಳೆಲ್ಲ ಡಿಸರ್ಟೇಶನ್ ಟೈಪು ಮಾಡಿಸುತ್ತಿದ್ದದ್ದು ಅದೇ ಅಂಗಡಿಯಲ್ಲಿ. ಅಂಗಡಿಯವನು ನನ್ನ ಹಾಳೆಗಳನ್ನು ತಿರುವಿ ಹಾಕಿ, ಕೊನೆಯ ಪುಟ ನೋಡಿ ಕೇಳಿದ.

"ಸರ, ಕಡೀಕ ಪಟ್ಟಿ ಇಲ್ಲಲ್ರಿ. ಹೆಂಗಿದ್ರೂ ರೆಡಿ ಐತಿ, ಹಾಕಿ ಕೊಡ್ಲೇನ್ರಿ?"

"ಯಾವ ಪಟ್ಟಿ?"

"ರೆಫರೆನ್ಸ್ ಪಟ್ಟಿ ರೀ. ನಿಮ್ಮ ಲೈಬ್ರರಿ ಸೈನ್ಸಿಂದ ಮೂರ ಅದಾವ್ರಿ. ಸಣ್ಣದು, ನಡುವಿಂದು, ದೊಡ್ಡದು. ಡಿಸರ್ಟೇಶನ್ ದಪ್ಪ ನೋಡ್ಕೊಂಡ ಹಾಕ್ತೀನ್ರಿ."

ಅವನು ಕಂಪ್ಯೂಟರ್ ತೆರೆದು ತೋರಿಸಿದ. ಮೂರೂ ಪಟ್ಟಿ ಅಲ್ಲಿದ್ದವು. ನನಗೆ ಅವುಗಳ ಒಂದೊಂದು ಸಾಲೂ ಪರಿಚಯ. ವಾರಗಟ್ಟಲೆ ನಾನು ಗೆರೆ ಹಾಕಿದ್ದ ಸಾಲುಗಳವು.

"ಇವ ಎಲ್ಲಿಂದ ಬಂದೂ?" ಎಂದು ಕೇಳಿದೆ.

"ಅಂಗಡಿ ಚಾಲೂ ಮಾಡಿದ ವರ್ಷ ಯಾವನೋ ಒಬ್ಬಾಂವ ಬ್ಯಾರೆ ಊರಿಂದ ಒಂದ ಡಿಸರ್ಟೇಶನ್ ತಂದಿದ್ದರಿ. ಅದರಾಗಿಂದ ಟೈಪ್ ಮಾಡಿಟ್ಟೀನಿ. ಭಾಳ ಚಲೋ ಪಟ್ಟಿ ರೀ ಅದು. ಇಲ್ಲೀತನಾ ಯಾರೂ ತಪ್ಪ ಐತಿ ಅಂತ ಹೊಳ್ಳಿ ತಂದಿಲ್ಲ."

ಅವನ ಮುಖದಲ್ಲಿ ಕಳ್ಳತನದ ನೆರಳೂ ಇರಲಿಲ್ಲ. ಒಳ್ಳೆಯ ಕೆಲಸಗಾರನ ಹೆಮ್ಮೆ ಇತ್ತು. ವಿದ್ಯಾರ್ಥಿಗಳು ಕೇಳಿದ್ದನ್ನು ಆತ ಕೊಟ್ಟ, ಗೈಡ್‌ಗಳು ಸಹಿ ಹಾಕಿದರು. ಸಹಿ ಹಾಕಿದ ಗೈಡ್‌ಗಳಲ್ಲಿ ನಾನೂ ಒಬ್ಬ. ಒಂದೇ ಪಟ್ಟಿ ವರ್ಷದಿಂದ ವರ್ಷಕ್ಕೆ ಮೈ ಬದಲಿಸದೆ ಬರುತ್ತಿದ್ದರೆ ಓದಿದವನಿಗೆ ಗೊತ್ತಾಗಬೇಕಿತ್ತು. ನಾನು ಓದಿರಲಿಲ್ಲ, ಎಣಿಸಿದ್ದೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದರಂತೆ ಹಿಂದೆ ಯಾರೋ. ನಾನು ಅವರಿಗಿಂತ ಮುಂದೆ ಹೋಗಿ ಕರುಗಳ ಕೋಷ್ಟಕ ಮಾಡಿದ್ದೆ.

ಗ್ರಂಥಾಲಯಕ್ಕೆ ಮರಳಿ ಹೆಚ್ಚು ಗೆರೆ ಬಂದಿದ್ದ ಜರ್ನಲ್‌ಗಳನ್ನು ತೆಗೆದು ನೋಡಿದೆ. ಎಷ್ಟೋ ಸಂಚಿಕೆಗಳ ಪ್ಲಾಸ್ಟಿಕ್ ಹೊದಿಕೆಯೇ ಹರಿದಿರಲಿಲ್ಲ. ಕೆಲವು ತೇವಕ್ಕೆ ಹಾಳೆಗೆ ಹಾಳೆ ಅಂಟಿಕೊಂಡು, ಬಿಡಿಸಿದರೆ ಬೂಷ್ಟಿನ ವಾಸನೆ ಬಂತು. ಇವು ಹೀಗಿರುವುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ದಿನಾ ಅವುಗಳ ಮುಂದೆಯೇ ಓಡಾಡುತ್ತಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ನಿಜವಾಗಿ ಓದಿಸಿಕೊಂಡ ಪತ್ರಿಕೆ ಹೇಗಿರುತ್ತದೆ ಎಂಬುದೂ ನನ್ನ ಕಣ್ಣೆದುರಿಗೇ ಇತ್ತು, ಮಡಿಚಿದ ಮೂಲೆ, ಹಳದಿ ಬೆರಳು ಸಮೇತ. ಅದನ್ನು ಕಂಡು ನಾನು ಬೈದಿದ್ದೆ.

ಸಮಿತಿಗೆ ಒಂದು ಪತ್ರ ಬರೆದೆ. ನನ್ನ ಎಣಿಕೆ ತಪ್ಪು, ಅದು ಒಂದು ಅಂಗಡಿಯ ಫೈಲಿನ ಎಣಿಕೆ, ತ್ರೈಮಾಸಿಕವನ್ನು ಮತ್ತೆ ತರಿಸೋಣ ಎಂದು. ಎರಡು ಸಲ ತಿದ್ದಿದೆ. ಮೂರನೆಯ ಸಲ ಹರಿದೆ. ಹೆದರಿಕೆ ಏನೂ ಇರಲಿಲ್ಲ, ಯಾರೂ ನನ್ನ ಕೆಲಸ ಕಸಿಯುತ್ತಿರಲಿಲ್ಲ. ಇದ್ದದ್ದು ನಾಚಿಕೆ. ಮೆಚ್ಚಿ ತಲೆಯಾಡಿಸಿದವರ ಮುಂದೆ ಪೆದ್ದನಾಗುವ ನಾಚಿಕೆ. ಅದಕ್ಕೆ ಇಷ್ಟು ಬಲ ಇರುತ್ತದೆಂದು ನನಗೆ ತಿಳಿದಿರಲಿಲ್ಲ.

ಅಥಣಿಗೂ ಹೋದೆ. ಲೇಖನ ಓದಿದೆ. ಗಡಿಭಾಗದ ವಿದ್ಯಾರ್ಥಿಗಳ ಓದಿನ ಆಳದ ಬಗ್ಗೆ ಒಂದು ಪುಟ ಬರೆದಿದ್ದೆ, ಅದನ್ನೂ ಬಿಡದೆ ಓದಿದೆ. ಚಪ್ಪಾಳೆ ಬಿತ್ತು, ಶಾಲು ಹೊದಿಸಿದರು. ಊಟಕ್ಕೆ ಜಿಲೇಬಿ ಇತ್ತು. ಬಸ್ಸಿನಲ್ಲಿ ಬರುವಾಗ ಶಾಲು ಮಡಿಚಿ ಚೀಲದ ತಳಕ್ಕೆ ತುರುಕಿದೆ. ಪಕ್ಕದಲ್ಲಿ ಕೂತವರಿಗೆ ಸೆಕೆ ಅಂದೆ.

ಕಬ್ಬೂರಿನಾಕೆಯ ಡಿಸರ್ಟೇಶನ್‌ನ ಕೈಬರಹದ ಪ್ರತಿ ನನ್ನ ಟೇಬಲ್ಲಿಗೆ ಬಂದದ್ದು ಆಮೇಲೆ. ನಾನು ಗೈಡ್ ಆಗಿ ನೋಡಿದವುಗಳಲ್ಲಿ ಪೂರ್ತಿ ಓದಿದ್ದು ಅದೊಂದನ್ನೇ. ತನ್ನೂರಿನ ಗ್ರಂಥಾಲಯದ ಬಾಗಿಲು ಗುಡಿಯ ಕಟ್ಟೆಯ ಕಡೆಗೆ ಇರುವುದರಿಂದ, ಅಲ್ಲಿ ಕೂತ ಗಂಡಸರ ಮುಂದೆ ಹಾದು ಬರಲು ಹೆಣ್ಣುಮಕ್ಕಳು ಹಿಂಜರಿಯುತ್ತಾರೆ ಎಂದು ಬರೆದಿದ್ದಳು. ತಮ್ಮ ಕೇರಿಯ ಹುಡುಗರು ಬಂದರೂ ಕುರ್ಚಿಯ ಮೇಲೆ ಕೂಡದೆ ನಿಂತೇ ಪೇಪರ್ ಓದಿ ಹೋಗುತ್ತಿದ್ದರು, ತಾನು ಅವರನ್ನು ಕೂಡಿಸಲು ಏನೇನು ಮಾಡಿದೆ ಎಂದು ಬರೆದಿದ್ದಳು. ತ್ರೈಮಾಸಿಕದಲ್ಲಿ ಓದಿದ ಬೇರೆ ಹಳ್ಳಿಗಳ ಸಂಗತಿಯನ್ನು ತನ್ನ ಊರಿಗೆ ಹೋಲಿಸಿದ್ದಳು. ಕೊನೆಯಲ್ಲಿ ಐದು ಉಲ್ಲೇಖ. ಐದೂ ತ್ರೈಮಾಸಿಕದವು. ಯಾವುದಕ್ಕೂ ಸಂಪುಟ ಸಂಖ್ಯೆ ಇರಲಿಲ್ಲ, ಪುಟ ಸಂಖ್ಯೆ ಇರಲಿಲ್ಲ. ಓದುವಾಗ ವಿಷಯ ಬರೆದುಕೊಂಡಿದ್ದಳು, ಸಂಖ್ಯೆಗಳನ್ನು ಕೊನೆಗೆ ರ್‍ಯಾಕಿನಲ್ಲಿ ನೋಡಿ ಹಾಕಿದರಾಯಿತು ಎಂದು ಬಿಟ್ಟಿದ್ದಳು.

ವಿಭಾಗದ ಮುಖ್ಯಸ್ಥರು ಅದನ್ನು ತಿರುವಿ ಹಾಕಿ ನನಗೆ ಮರಳಿಸಿದರು. "ಐದ ರೆಫರೆನ್ಸ್, ಐದಕ್ಕೂ ನಂಬರ್ ಇಲ್ಲ. ಇದನ್ನ ಹೆಂಗ ಕಳಸೂದ್ರಿ? ಸರಿ ಮಾಡಸ್ರಿ, ಇಲ್ಲಂದ್ರ ಮುಂದಿನ ವರ್ಷ ಕೊಡಾಕ ಹೇಳ್ರಿ" ಎಂದರು. ಅವರು ಹೇಳಿದ್ದು ನಿಯಮಕ್ಕೆ ಸರಿಯಾಗಿಯೇ ಇತ್ತು.

ಮುಂದಿನ ವರ್ಷ ಎಂದರೆ ರಾಯಬಾಗದ ಕೆಲಸ ಹೋಯಿತು ಎಂದರ್ಥ. ಮುಖ್ಯಸ್ಥರ ಎದುರು ಕೂತು, ಸಂಖ್ಯೆ ಇಲ್ಲದ್ದು ಈಕೆಯ ತಪ್ಪಲ್ಲ, ಆ ಸಂಚಿಕೆಗಳನ್ನು ರದ್ದಿಗೆ ಹಾಕಿದವನು ನಾನು, ಉಳಿದವರ ಪಟ್ಟಿಗಳೆಲ್ಲ ಅಂಗಡಿಯವು ಎಂದು ಹೇಳಿಬಿಡಬಹುದಿತ್ತು. ಹತ್ತು ನಿಮಿಷದ ಮಾತು. ನಾನು ಆಕೆಯನ್ನು ಕರೆದೆ.

"ನೋಡ ತಂಗಿ, ಬಸ್ ಸ್ಟ್ಯಾಂಡ್ ಹಂತೇಕ ಡಿಟಿಪಿ ಅಂಗಡಿ ಐತಲ್ಲ, ಅಲ್ಲಿ ಹೋಗ. ರೆಫರೆನ್ಸ್ ಪಟ್ಟಿ ಬೇಕಂತ ಹೇಳು, ಅವರ ಹಾಕಿ ಕೊಡ್ತಾರ."

ಆಕೆಗೆ ತಿಳಿಯಲಿಲ್ಲ. "ಯಾವ ಪಟ್ಟಿ ರೀ ಸರ? ನಾ ಓದಿದ್ದ ಅವರಿಗಿ ಹೆಂಗ ಗೊತ್ತ?"

"ನೀ ಓದಿದ್ದಲ್ಲ. ಅವ ಬ್ಯಾರೆ."

ಕೈಬರಹದ ಪ್ರತಿಯ ಕೊನೆಯ ಪುಟ ತೆಗೆದು ತನ್ನ ಐದು ಸಾಲು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು. "ಓದಲಾರದ್ದು ಓದೀನಿ ಅಂತ ಬರೀಬೇಕ್ರೀ?"

"ಎಲ್ಲಾರೂ ಬರೀತಾರ."

"ನೀವ ಬರೀ ಅಂತೀರೇನ್ರಿ?"

"ಹೂಂ" ಎಂದೆ. ಮುಖ ನೋಡಿ ಹೇಳಲಿಲ್ಲ, ಕ್ಯಾಟಲಾಗಿನ ಕಡೆ ನೋಡಿ ಹೇಳಿದೆ.

ನಾಲ್ಕು ದಿನದಲ್ಲಿ ಟೈಪಾಗಿ ಬಂತು. ಡಿಸರ್ಟೇಶನ್ ತೆಳ್ಳಗಿತ್ತು, ಅಂಗಡಿಯವನು ಸಣ್ಣ ಪಟ್ಟಿ ಹಾಕಿದ್ದ. ಸಂಪುಟ, ಸಂಚಿಕೆ, ಪುಟ, ಎಲ್ಲ ಬರೋಬರಿ. ಆಕೆಯ ಐದನ್ನು ಸಂಖ್ಯೆ ಇಲ್ಲ ಎಂದು ತೆಗೆದಿದ್ದ. ನಾನು ಸಹಿ ಮಾಡಿದೆ. ಮುಖ್ಯಸ್ಥರು ಈಗ ಸರಿಯಾತು ನೋಡ್ರಿ ಅಂದರು. ಆಕೆ ಪಾಸಾದಳು, ರಾಯಬಾಗದ ಕೆಲಸವೂ ಸಿಕ್ಕಿತು ಎಂದು ಬೇರೆಯವರ ಬಾಯಿಂದ ಕೇಳಿದೆ. ಆಕೆ ನನಗೆ ಪೇಡೆ ಕೊಡಲು ಬರಲಿಲ್ಲ. ಬರಬಾರದಿತ್ತು ಕೂಡ.

ಗ್ರಂಥಾಲಯಕ್ಕೆ ಕೊಡಬೇಕಾದ ಪ್ರತಿಯನ್ನು ಆಕೆ ನಾನಿಲ್ಲದಾಗ ಜವಾನನ ಕೈಗೆ ಕೊಟ್ಟು ಹೋಗಿದ್ದಳು. ಅದು ಕೆಲವು ತಿಂಗಳು ನೋಂದಣಿ ಆಗದೆ ಬಿದ್ದಿತ್ತು. ಗ್ರೇಡು ಕೊಡುವ ತಂಡ ಬರುವ ವಾರ, ಡಿಸರ್ಟೇಶನ್‌ಗಳನ್ನು ಪ್ರದರ್ಶನಕ್ಕೆ ಜೋಡಿಸಬೇಕಾಗಿ, ಮೊಹರು ಒತ್ತಲು ಅದನ್ನು ಬಿಚ್ಚಿದೆ. ನಿಯಮದಂತೆ ಕೊನೆಯ ಪುಟಕ್ಕೂ ಮೊಹರು ಬೇಕು. ಕೊನೆಯ ಪುಟದಲ್ಲಿ ಉಲ್ಲೇಖಗಳ ಪಟ್ಟಿ. ಒಂದೊಂದು ಸಾಲಿನ ಪಕ್ಕಕ್ಕೂ ಪೆನ್ಸಿಲಿನಲ್ಲಿ, ಸಣ್ಣ ದುಂಡು ಅಕ್ಷರದಲ್ಲಿ ಬರೆದಿದ್ದಳು: ಓದಿಲ್ಲ. ಓದಿಲ್ಲ. ಓದಿಲ್ಲ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಒಂದನ್ನೂ ಬಿಟ್ಟಿರಲಿಲ್ಲ. ಅದರ ಕೆಳಗೆ, ಖಾಲಿ ಜಾಗದಲ್ಲಿ, ಆ ತ್ರೈಮಾಸಿಕದ ಹೆಸರು. ಅದರ ಮುಂದೆ, ಇದನ್ನು ಓದಿದ್ದೇನೆ, ಪುಟ ಸಂಖ್ಯೆ ಬರೆದುಕೊಂಡಿಲ್ಲ ಎಂದು.

ಹೊರಗೆ ವರಾಂಡದಲ್ಲಿ ಬಣ್ಣದವರು ಗೋಡೆ ಉಜ್ಜುತ್ತಿದ್ದರು. ತಂಡದವರು ಈ ಟೇಬಲ್ಲಿಗೇ ಬರುತ್ತಾರೆ, ಯಾರಾದರೂ ಇದನ್ನೇ ಕೈಗೆತ್ತಿಕೊಂಡರೆ ಎಂಬ ವಿಚಾರ ಬಂತು. ಮನುಷ್ಯನಿಗೆ ಅಂಥ ಹೊತ್ತಿನಲ್ಲಿ ಬರುವ ವಿಚಾರ ಅದೇ ಇರಬೇಕು, ನನಗಂತೂ ಅದೇ ಬಂತು. ಪುಸ್ತಕದ ಮೇಲೆ ಪೆನ್ಸಿಲ್ ಗುರುತಿದ್ದರೆ ಅಳಿಸಬೇಕು ಎಂಬುದು ಗ್ರಂಥಾಲಯದ ನಿಯಮ. ಡ್ರಾದಿಂದ ರಬ್ಬರು ತೆಗೆದುಕೊಂಡೆ. ಮೇಲಿನಿಂದ ಒಂದೊಂದೇ ಸಾಲು ಅಳಿಸುತ್ತ ಬಂದೆ. ಕೆಳಗಿನದನ್ನೂ ಅಳಿಸಿದೆ. ರಬ್ಬರಿನ ಪುಡಿ ಊದಿ, ಮೊಹರು ಒತ್ತಿ, ನಂಬರು ಬರೆದೆ.

ಮುಂದಿನ ವರ್ಷ ಚಂದಾ ಸಮಿತಿಗಾಗಿ ಮತ್ತೆ ಉಲ್ಲೇಖ ಎಣಿಸಬೇಕಾಯಿತು. ಅದು ಈಗ ನಮ್ಮ ಕಾಲೇಜಿನ ಉತ್ತಮ ಪದ್ಧತಿ. ಆಕೆಯ ಡಿಸರ್ಟೇಶನ್ ಸರದಿ ಬಂದಾಗ ಸ್ಕೇಲು ಇಟ್ಟುಕೊಂಡು, ಒಂದೂ ತಪ್ಪದ ಹಾಗೆ, ಪಟ್ಟಿಯ ಎಲ್ಲ ಸಾಲುಗಳಿಗೂ ಗೆರೆ ಹಾಕಿದೆ. ತ್ರೈಮಾಸಿಕಕ್ಕೆ ಆ ವರ್ಷವೂ ಸೊನ್ನೆ ಬಂತು.